‘ಜಿದಾನ್ ಗುದ್ದಿದ್ದು ಇವನಿಗೇ ಅಲ್ವಾ?’

ನನ್ನ ಮೊಬೈಲಿನ ವಾಲ್‌ಪೇಪರ್‌ನಲ್ಲಿ ಇಬ್ಬರು ಫುಟ್‌ಬಾಲ್ ಆಟಗಾರರು ನಿಂತಿದ್ದಾರೆ. ನೋಡಿದವರೆಲ್ಲ ಯಾರಿವರು ಅಂತ ಕೇಳುತ್ತಾರೆ. ಒಬ್ಬ ಪೋರ್ಚುಗಲ್‌ನ ರುಯಿ ಕೋಸ್ಟಾ, ಇನ್ನೊಬ್ಬ ಇಟಲಿಯ ಡಿಫೆಂಡರ್ ಮಾರ್ಕೊ ಮಟೆರಾಜಿ ಅಂದ ಕೂಡಲೇ ಮುಂದಿನ ಪ್ರಶ್ನೆ ರೆಡಿ: ‘ಜಿದಾನ್ ತಲೆಯಿಂದ ಗುದ್ದಿದ್ದು ಇವನಿಗೇ ಅಲ್ವಾ? ಇವನ ಫೋಟೊ ಯಾಕೆ ಇಟ್ಕೊಂಡಿದೀಯ?’

ಹೌದು, ಇವನಿಗೇ. 2006ರ ಜುಲೈ 9, ಬರ್ಲಿನ್, ಇಟಲಿ-ಫ್ರಾನ್ಸ್ ವಿಶ್ವಕಪ್ ಫೈನಲ್. ಆದರೆ ಆ ರಾತ್ರಿಯನ್ನು ಮೊದಲಿಂದ ನೋಡಿ. 7ನೇ ನಿಮಿಷದಲ್ಲಿ ಫ್ರಾನ್ಸ್‌ಗೆ ಪೆನಾಲ್ಟಿ ಸಿಕ್ಕಿದ್ದು ಮಟೆರಾಜಿಯ ತಪ್ಪಿಗೆ. ಫ್ರಾನ್ಸ್ ನಾಯಕ ಜಿದಾನ್ ಅದನ್ನು ಗೋಲು ಮಾಡಿದ. 19ನೇ ನಿಮಿಷದಲ್ಲಿ ತನ್ನ ತಂಡದ ಪಿರ್ಲೊ ಹೊಡೆದ ಕಾರ್ನರ್‌ಗೆ ಹಾರಿ, ತಲೆಕೊಟ್ಟು ಸ್ಕೋರ್ ಸಮ ಮಾಡಿದ್ದೂ ಮಟೆರಾಜಿಯೇ. 110ನೇ ನಿಮಿಷದಲ್ಲಿ ಎದೆಗೆ ಗುದ್ದು ತಿಂದು ಬಿದ್ದ. ಎದ್ದು ಬಂದು, ಸ್ಕೋರ್ ಸಮವಾಗೇ ಉಳಿದಾಗ ನಡೆದ ಪೆನಾಲ್ಟಿ ಶೂಟೌಟ್‌ನಲ್ಲೂ ಗೋಲು ಹೊಡೆದ. ಇಟಲಿ 5-3ರಿಂದ ಗೆದ್ದಿತು. ಅಸಲಿಗೆ ಅವನು ಆ ಟೂರ್ನಿಗೆ ಹೋಗಿದ್ದೇ ಬೆಂಚ್ ಆಟಗಾರನಾಗಿ. ಇಟಲಿಯ ಇನ್ನೊಬ್ಬ ಡಿಫೆಂಡರ್ ನೆಸ್ಟಾಗೆ ಗಾಯವಾಗಿ ಜಾಗ ಖಾಲಿಯಾಯಿತು, ಅಷ್ಟೆ.

ಗುದ್ದು ತಿನ್ನೋ ಮುಂಚೆ ಮಟೆರಾಜಿ ಏನಂದ ಅನ್ನೋದು ಎಲ್ಲರಿಗೂ ಬೇಕು. ಜಿದಾನ್‌ನ ಶರ್ಟ್ ಹಿಡಿದು ಎಳೆದಿದ್ದ. ಬೇಕಾದರೆ ಮ್ಯಾಚ್ ಮುಗಿದ ಮೇಲೆ ಕೊಡ್ತೀನಿ ಅಂದ ಜಿದಾನ್. ಅದಕ್ಕೆ ಇವನು ಜಿದಾನ್‌ನ ಅಕ್ಕನನ್ನು ಎಳೆದು ತಂದು ಕೆಟ್ಟದಾಗಿ ಬೈದ. ತಾಯಿಯನ್ನು ಬೈದ ಅನ್ನೋದನ್ನು ಮಾತ್ರ ಅವನು ಒಪ್ಪಿಲ್ಲ. ಮಟೆರಾಜಿಯ ಸ್ವಂತ ತಾಯಿ ಅವನು ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡಿದ್ದರು. ಫಿಫಾ ಅವನಿಗೂ ಎರಡು ಪಂದ್ಯ ನಿಷೇಧ ಹಾಕಿತು. ಸರಿಯಾಗೇ ಮಾಡಿತು ಅಂತೀನಿ. ನಮ್ಮ ಬೀದಿ ಮ್ಯಾಚ್‌ನಲ್ಲಿ ಅಕ್ಕ-ತಂಗಿಯರ ಹೆಸರು ಬಂದರೂ ಕೈಕೈ ಮಿಲಾಯಿಸ್ತಾರೆ, ಅಲ್ವಾ?

ಆಟದಲ್ಲೂ ಅವನು ಸಾಧುವಲ್ಲ. ಕಾಲು ಅಡ್ಡ ಹಾಕುತ್ತಿದ್ದ, ಮೊಣಕೈ ಬೀಸುತ್ತಿದ್ದ, ರೆಡ್ ಕಾರ್ಡ್‌ಗೇನೂ ಕಮ್ಮಿ ಇರಲಿಲ್ಲ. ಆದರೆ 2000-01ರಲ್ಲಿ ಪೆರುಜಿಯಾ ತಂಡಕ್ಕೆ ಆಡುವಾಗ ಡಿಫೆಂಡರ್ ಆಗಿದ್ದುಕೊಂಡೇ ಇಟಲಿಯ ಸೀರಿ ಎ ಲೀಗ್‌ನಲ್ಲಿ 12 ಗೋಲು ಹೊಡೆದ. ಆಮೇಲೆ ಹತ್ತು ವರ್ಷ ಇಂಟರ್ ಮಿಲಾನ್.

2010ರಲ್ಲಿ ಮ್ಯಾಡ್ರಿಡ್‌ನಲ್ಲಿ ಇಂಟರ್ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಗೆದ್ದಿತು. ಕೊನೇ ಗಳಿಗೆಯಲ್ಲಿ ಇವನನ್ನು ಮೈದಾನಕ್ಕೆ ಇಳಿಸಿದ್ದರು. ಮ್ಯಾಚ್ ಆದ ಮೇಲೆ ಕೋಚ್ ಮೊರಿನೊ ಕಾರು ಹತ್ತಿ ಹೊರಟಿದ್ದರು, ಇಂಟರ್ ಬಿಟ್ಟೇ ಹೊರಟಿದ್ದರು. ಗೋಡೆಗೆ ಒರಗಿ ನಿಂತಿದ್ದ ಮಟೆರಾಜಿ ಕಂಡ. ಕಾರು ನಿಂತಿತು. ಮೊರಿನೊ ಇಳಿದು ಬಂದು ತಬ್ಬಿಕೊಂಡರು. ಇಬ್ಬರೂ ಅತ್ತರು. ಟೀಮಿನಲ್ಲಿ ಜಾಸ್ತಿ ಜಾಗ ಸಿಗದ ಆಟಗಾರ ಕೋಚ್ ಹೋಗುವಾಗ ಹಾಗೆ ಅಳುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

2014ರಲ್ಲಿ ಭಾರತದ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಶುರುವಾದಾಗ ಮಟೆರಾಜಿ ಚೆನ್ನೈಯಿನ್ ತಂಡಕ್ಕೆ ಆಟಗಾರ-ಕೋಚ್ ಆಗಿ ಬಂದ. ನನ್ನ ಪ್ರೀತಿ ಶುರುವಾಗಿದ್ದು ಅಲ್ಲಿಂದ. ಮೊದಲ ವರ್ಷ ಸೆಮಿಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಸೋತರು. 2015ರಲ್ಲಿ ಒಂದು ಹಂತಕ್ಕೆ ತಂಡ ಪಟ್ಟಿಯ ತಳದಲ್ಲಿತ್ತು. ಅಲ್ಲಿಂದ ಕೊನೆಯ ನಾಲ್ಕೂ ಲೀಗ್ ಪಂದ್ಯ ಗೆದ್ದು ಸೆಮಿಫೈನಲ್‌ಗೆ ಬಂತು. ಅಷ್ಟರಲ್ಲಿ ಚೆನ್ನೈ ನೆರೆಯಲ್ಲಿ ಮುಳುಗಿತ್ತು. ತವರಿನ ಸೆಮಿಫೈನಲ್ ಪುಣೆಯಲ್ಲಿ ಆಡಬೇಕಾಯಿತು, 3-0 ಗೆದ್ದರು.

ಡಿಸೆಂಬರ್ 20, ಗೋವಾದ ಫಟೋರ್ಡಾದಲ್ಲಿ ಫೈನಲ್. ಗೋವಾದ ಕೋಚ್ ಬ್ರೆಜಿಲ್‌ನ ಹಳೇ ತಾರೆ ಜಿಕೊ. 87ನೇ ನಿಮಿಷದಲ್ಲಿ ಗೋವಾ 2-1 ಮುಂದೆ. ಟಿವಿ ಆಫ್ ಮಾಡೋಣ ಅಂತ ರಿಮೋಟ್ ಕೈಗೆತ್ತಿಕೊಂಡಿದ್ದೆ. 90ನೇ ನಿಮಿಷದಲ್ಲಿ ಚೆಂಡು ಗೋವಾದ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಕೈಗೆ ತಾಗಿ ಒಳಗೆ ಹೋಯಿತು. ಇನ್ನೂ ಉಸಿರು ಬಿಟ್ಟಿರಲಿಲ್ಲ, ಚೆನ್ನೈನ ಸ್ಟ್ರೈಕರ್ ಮೆಂಡೋಜಾ ಮತ್ತೊಂದು ಹೊಡೆದ. 3-2! ಕಪ್ ಚೆನ್ನೈಗೆ. ಕುಣಿದೆ ನಿಜ, ಆದರೆ ಕಟ್ಟಿಮನಿ ಅನ್ನೋ ಹೆಸರು ಕೇಳಿದಾಗಲೇ ನಮ್ಮ ಕಡೆಯದು ಅನ್ನಿಸಿದ್ದರಿಂದ ಹೊಟ್ಟೆಯಲ್ಲಿ ಸ್ವಲ್ಪ ಸಂಕಟವೂ ಆಯಿತು.

ಅವನು ಭಾರೀ ತಂತ್ರಗಾರ ಕೋಚ್ ಅಂತ ನಾನು ಹೇಳಲ್ಲ. ಮುಂದಿನ ವರ್ಷ ಅದೇ ತಂಡ ಏಳನೇ ಸ್ಥಾನಕ್ಕೆ ಕುಸಿಯಿತು, 2017ರಲ್ಲಿ ಹೊರಟೂ ಹೋದ. ಅವನಿಗೆ ಗೊತ್ತಿದ್ದದ್ದು ಹುಡುಗರ ಜೊತೆ ನಿಲ್ಲೋದು. 2015ರಲ್ಲಿ ಮೆಂಡೋಜಾ 13 ಗೋಲು ಹೊಡೆದು ಟೂರ್ನಿಗೇ ಮೊದಲಿಗನಾದ. ಜೀವನಪೂರ್ತಿ ಸ್ಟ್ರೈಕರ್‌ಗಳ ಕಾಲಿಗೆ ಅಡ್ಡ ಬಂದವನು ತನ್ನ ಸ್ಟ್ರೈಕರ್‌ನನ್ನು ಹೀಗೆ ಓಡಲು ಬಿಟ್ಟ!

ಇನ್ನು ಆ ಫೋಟೊ. 2005ರ ಏಪ್ರಿಲ್ 12, ಮಿಲಾನ್‌ನ ಸ್ಯಾನ್ ಸಿರೊ ಮೈದಾನ. ಇಂಟರ್ ಮತ್ತು ಎಸಿ ಮಿಲಾನ್ ನಡುವೆ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್. ಇಂಟರ್ ಸೋಲುತ್ತಿತ್ತು. ಅದರ ಅಭಿಮಾನಿಗಳು ಉರಿಯುವ ಫ್ಲೇರ್‌ಗಳನ್ನು ಎಸೆದರು, ಒಂದು ಮಿಲಾನ್ ಗೋಲ್‌ಕೀಪರ್ ಡಿಡಾಗೆ ತಾಗಿತು. ಆಟ ನಿಂತಿತು. ಮೈದಾನದ ತುಂಬ ಕೆಂಪು ಹೊಗೆ. ಮಟೆರಾಜಿ ಎದುರಾಳಿ ರುಯಿ ಕೋಸ್ಟಾನ ಹೆಗಲ ಮೇಲೆ ಮೊಣಕೈ ಊರಿ, ಬಸ್ಸಿಗೆ ಕಾಯುವವರ ಹಾಗೆ ಸುಮ್ನೆ ನಿಂತಿದ್ದಾನೆ.