ಮುಡಿಪಿನ ಗುಡ್ಡಕ್ಕೆ ಅಮ್ಮನ ಮುಡಿಪು

ಅಮ್ಮ ಕರವಸ್ತ್ರದ ಮೂಲೆಯಲ್ಲಿ ಗಂಟು ಹಾಕಿ ಮನೆಯ ಆಲ್ತಾರಿನ (ಪ್ರಾರ್ಥನಾ ಪೀಠದ) ಹಿಂದೆ ಇಟ್ಟಿದ್ದಳು. ಒಳಗೆ ಒಂದು ರೂಪಾಯಿಯ 11 ನಾಣ್ಯ. ಬಿಳಿ ಬಟ್ಟೆ, ಅಂಚಿಗೆ ನೀಲಿ ದಾರದ ಹೂವು. ಮೇಲೆ ಮೇಣದ ಹನಿ ಎರಡು ಬಿದ್ದು ಗಟ್ಟಿಯಾಗಿದ್ದವು. ಗಲ್ಫಿನಲ್ಲಿದ್ದ ತಮ್ಮ ಜ್ವರ ಬಂದು ಆಸ್ಪತ್ರೆ ಸೇರಿದ್ದಾಗ, ಇಲ್ಲಿ ಕೂತು ಏನೂ ಮಾಡಲಾಗದೆ ಅವಳು ಕಟ್ಟಿದ ಗಂಟು ಅದು. ತಮ್ಮ ಗುಣವಾದ, ಕೆಲಸಕ್ಕೂ ಹೋದ. ಅಷ್ಟರಲ್ಲಿ ಅಮ್ಮನ ಮಂಡಿ ಕೈಕೊಟ್ಟಿತು. "ನೀನೇ ಹೋಗಿ ಒಪ್ಪಿಸಿ ಬಾ. ಬರಿಗಾಲಲ್ಲಿ ಹತ್ತಬೇಕು, ನೆನಪಿರಲಿ" ಎಂದಳು.

ಹೋಗಬೇಕಿದ್ದ ಊರಿನ ಹೆಸರೂ ಮುಡಿಪು. ಮಂಗಳೂರಿನಿಂದ ಹೆಚ್ಚು ದೂರವಿಲ್ಲ. ಅಲ್ಲಿನ ಗುಡ್ಡದ ಮೇಲೆ ಸಂತ ಜೋಸೆಫ್ ವಾಜ್ ಅವರ ಪುಣ್ಯಕ್ಷೇತ್ರವಿದೆ. ಅವರು ಇಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರು, ಕೋಲು ಊರಿದ ಜಾಗದಲ್ಲಿ ನೀರು ಬಂತು ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ನಾನೂ ಅದನ್ನು ಕೇಳಿಯೇ ಬೆಳೆದವನು, ನಂಬಿದವನು.

ಚಪ್ಪಲಿ ಕಾರಿನಲ್ಲೇ ಬಿಟ್ಟೆ. ಬಿಸಿಲಿಗೆ ನೆಲ ಆಗಲೇ ಕಾದಿತ್ತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸಣ್ಣ ಕಲ್ಲೊಂದು ಅಂಗಾಲಿಗೆ ಚುಚ್ಚಿತು. ಪಾದ್ರಿ ಜೋಸೆಫ್ ವಾಜ್ ಹೀಗೆಯೇ ಬರಿಗಾಲಲ್ಲಿ ನಡೆಯುತ್ತಿದ್ದರಲ್ವಾ ಎಂದು ಆಗ ಹೊಳೆಯಿತು. ಅದುವರೆಗೆ ಅದು ಬರೀ ಓದಿದ ಮಾತಾಗಿತ್ತು.

ಅವರು ಹುಟ್ಟಿದ್ದು ಗೋವಾದ ಬೆನಾವ್ಲಿಯಲ್ಲಿ, 1651ರಲ್ಲಿ. ಮನೆಮಾತು ಕೊಂಕಣಿ. ಪಾದ್ರಿಯಾದ ಮರುವರ್ಷ, 1677ರಲ್ಲಿ, ಒಂದು ಪತ್ರ ಬರೆದು ತನ್ನನ್ನು ಮಾತೆ ಮರಿಯಳ ಗುಲಾಮನೆಂದು ಒಪ್ಪಿಸಿಕೊಂಡರು. ನಾವು ಕಷ್ಟ ಬಂದಾಗ ನಾಣ್ಯ ಕಟ್ಟಿಡುತ್ತೇವೆ. ಇವರು ಯಾವ ಕಷ್ಟವೂ ಇಲ್ಲದೆ, ಏನನ್ನೂ ಕೇಳದೆ, ತನ್ನನ್ನೇ ಗಂಟು ಕಟ್ಟಿ ಇಟ್ಟರು.

1681ರಲ್ಲಿ ನಮ್ಮ ಕಡೆಗೆ ಬಂದರು. ಆಗ ಇಲ್ಲಿ ಕೆಳದಿಯ ಚೆನ್ನಮ್ಮನ ಆಳ್ವಿಕೆ. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಎಂದು ಮೂರು ವರ್ಷ ತಿರುಗಿದರು. ಚರ್ಚಿನ ಧರ್ಮಾಧಿಕಾರಿಗಳ ನಡುವೆ ಅಧಿಕಾರದ ಜಗಳ ಜೋರಾಗಿದ್ದ ಕಾಲ ಅದು. ಆ ಜಗಳದ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಅದರ ನಡುವೆಯೇ ಅವರು ಜನರ ಪಾಪನಿವೇದನೆ ಕೇಳಿದರು, ರೋಗಿಗಳ ಮನೆಗೆ ನಡೆದರು.

ಆಮೇಲೆ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಸುದ್ದಿ ಅವರ ಕಿವಿಗೆ ಬಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಓಡಿಸಿ, ಕಥೋಲಿಕರ ಪೂಜೆಯನ್ನು ನಿಷೇಧಿಸಿದ್ದರು. ಪಾದ್ರಿಗಳು ಉಳಿದಿರಲಿಲ್ಲ. ಹತ್ತಿರಹತ್ತಿರ 30 ವರ್ಷ ಆ ಜನರಿಗೆ ಬಲಿಪೂಜೆ (ಪಾದ್ರಿ ನಡೆಸುವ ಮಾಸ್) ಇಲ್ಲ, ಅದರಲ್ಲಿ ಸಿಗುವ ಪರಮಪ್ರಸಾದ ಇಲ್ಲ. ಜೋಸೆಫ್ ವಾಜ್ 1687ರಲ್ಲಿ ಅಲ್ಲಿಗೆ ಹೋಗಿ ಇಳಿದರು. ಪಾದ್ರಿಯ ನಿಲುವಂಗಿಯಲ್ಲಿ ಅಲ್ಲ. ಹರಕು ಬಟ್ಟೆ ಉಟ್ಟ ಕೂಲಿಯವನಾಗಿ. ಜೊತೆಗೆ ಜುವಾಂವ್ ಎಂಬ ಸೇವಕ. ಇಳಿಯುವಷ್ಟರಲ್ಲೇ ಇಬ್ಬರಿಗೂ ಆಮಶಂಕೆ. ಯಾರೂ ಮನೆಯೊಳಗೆ ಸೇರಿಸಲಿಲ್ಲ. ಒಬ್ಬ ಹೆಂಗಸು ಗಂಜಿ ತಂದುಕೊಟ್ಟು ಉಳಿಸಿದಳು ಎನ್ನುತ್ತಾರೆ. ಸಂತನ ಜೀವ ನಿಂತದ್ದು ಒಂದು ಬಟ್ಟಲು ಗಂಜಿಯ ಮೇಲೆ. ಕಾಯಿಲೆ ಬಿದ್ದಾಗ ನಮ್ಮ ಮನೆಯಲ್ಲೂ ಅದನ್ನೇ ಕೊಡುವುದು. ಅದಕ್ಕೋ ಏನೋ, ಈ ಕಥೆ ಹೇಳುವಾಗ ಅಮ್ಮನ ದನಿ ಪ್ರತಿ ಸಲ ಇಲ್ಲೇ ಸಣ್ಣದಾಗುತ್ತಿತ್ತು.

ಸ್ವಲ್ಪ ಸುಧಾರಿಸಿದ ಮೇಲೆ ಅವರು ಮಾಡಿದ್ದೇನು ಗೊತ್ತಾ? ಕೊರಳಿಗೆ ಜಪಸರ ಹಾಕಿಕೊಂಡು ಜಾಫ್ನಾದಲ್ಲಿ ಮನೆಮನೆಗೆ ಭಿಕ್ಷೆಗೆ ಹೋದರು. ನಾನು ಕಥೋಲಿಕ ಪಾದ್ರಿ ಎಂದು ಬಾಯಿಬಿಟ್ಟರೆ ಹಿಡಿದು ಒಳಗೆ ಹಾಕುತ್ತಾರೆ. ಹೇಳದಿದ್ದರೆ ತನ್ನವರು ಸಿಗುವುದಿಲ್ಲ. ಹಾಗಾಗಿ ಭಿಕ್ಷೆ ಹಾಕುವವರ ಮುಖ ನೋಡುತ್ತಾ ನಿಂತರು. ಜಪಸರ ಕಂಡಾಗ ಯಾರ ಕಣ್ಣು ಅಲ್ಲೇ ನಿಲ್ಲುತ್ತದೆ, ಯಾರ ಕೈ ಒಂದು ಕ್ಷಣ ತಡೆಯುತ್ತದೆ ಎಂದು.

ಅವರ ಬದುಕಿನ ಪವಾಡಗಳಿಗಿಂತ ನನ್ನನ್ನು ಜಾಸ್ತಿ ಕಾಡುವುದು ಆ ಬಾಗಿಲು. ಒಳಗಿನವರು 30 ವರ್ಷ ಬಚ್ಚಿಟ್ಟುಕೊಂಡ ಪ್ರಾರ್ಥನೆ, ಹೊರಗೆ ಹರಕು ಬಟ್ಟೆಯ ಪಾದ್ರಿ. ನಡುವೆ ಮಾತೇ ಇಲ್ಲ, ಒಂದು ಮಣಿಸರ ಅಷ್ಟೇ. ಕೊನೆಗೆ ಬಾಗಿಲುಗಳು ತೆರೆದವು. ರಾತ್ರಿ ಹೊತ್ತು, ಕದ್ದುಮುಚ್ಚಿ, ಬಲಿಪೂಜೆ ಶುರುವಾಯಿತು.

ಮುಂದೆ 1692ರಲ್ಲಿ ದ್ವೀಪದ ಒಳನಾಡಿನ ಕ್ಯಾಂಡಿ ರಾಜ್ಯಕ್ಕೆ ಹೋದರೆ, ಪೋರ್ಚುಗೀಸರ ಬೇಹುಗಾರ ಎಂದು ಅವರನ್ನು ಹಿಡಿದು ಕೂಡಿಹಾಕಿದರು. ಅಲ್ಲಿನ ರಾಜ ಎರಡನೇ ವಿಮಲಧರ್ಮಸೂರ್ಯ, ಬೌದ್ಧ. ಸೆರೆಯಲ್ಲಿ ಇವರು ಸಿಂಹಳ ಭಾಷೆ ಕಲಿತರು. ಸುಮ್ನೆ ಕೂರುವ ಜಾಯಮಾನವೇ ಅಲ್ಲ. ಬರ ಬಂದಾಗ ರಾಜನ ಮಾತಿನಂತೆ ಬಯಲಲ್ಲಿ ಶಿಲುಬೆ ಇಟ್ಟು ಮಳೆಗಾಗಿ ಬೇಡಿದರು, ಮಳೆ ಸುರಿಯಿತು, ಅವರೊಬ್ಬರು ಮಾತ್ರ ನೆನೆಯಲಿಲ್ಲ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ.

1697ರ ಸಿಡುಬಿನ ಕಥೆಯನ್ನೂ ಅಷ್ಟೇ ಸಲ ಹೇಳಬೇಕು ಎಂದು ನನ್ನ ಆಸೆ. ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರಾಜನೂ ಊರು ಬಿಟ್ಟ. ಮನೆಯವರೇ ರೋಗಿಗಳನ್ನು ಹೊರಗೆ ಹಾಕಿ ಓಡಿದರು. ಜೋಸೆಫ್ ವಾಜ್ ಮತ್ತು ಅವರ ಅಕ್ಕತಂಗಿಯರಲ್ಲೊಬ್ಬರ ಮಗ, ಪಾದ್ರಿ ಜೋಸೆಫ್ ಕಾರ್ವಾಲೊ, ಅಲ್ಲೇ ಉಳಿದರು. ರೋಗಿಗಳಿಗೆ ನೆರಳು ಮಾಡಿದರು, ಹುಣ್ಣು ತೊಳೆದರು, ಊಟ ಕೊಟ್ಟರು. ಸತ್ತವರನ್ನು ತಾವೇ ಹೂತರು. ಯಾವ ಧರ್ಮದವರು ಎಂದು ಕೇಳಲಿಲ್ಲ. ಮಗ ದೂರದ ಊರಿನಲ್ಲಿ ಜ್ವರದಲ್ಲಿ ಮಲಗಿದ್ದಾಗ ಅಮ್ಮ ಬೇರೆ ಯಾವ ಸಂತರನ್ನೂ ಕರೆಯದೆ ಇವರನ್ನೇ ಯಾಕೆ ಕರೆದಳು ಎಂಬುದು ನನಗೆ ಗುಡ್ಡ ಹತ್ತುವಾಗ ಅರ್ಥವಾಯಿತು. ಮನೆಯವರಿಲ್ಲದ ರೋಗಿಯ ಪಕ್ಕ ಕೂತು ಅಭ್ಯಾಸವಿದ್ದವರು ಇವರು.

ಬಿಷಪ್ ಪದವಿಯ ಮಾತು ಬಂದಾಗ ಬೇಡವೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಗೋವಾದ ಬೊಮ್ ಜೆಸುಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಶರೀರದ ಮುಂದೆ ನಿಂತು ಬೇಡಿಕೊಳ್ಳಬಹುದು. ಇವರ ಸಮಾಧಿಯ ಗುರುತೂ ಉಳಿದಿಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದ ಸಮುದ್ರದಂಡೆಯಲ್ಲಿ ಇವರನ್ನು ಸಂತರೆಂದು ಸಾರಿದರು. ತೀರಿಕೊಂಡು ಹತ್ತಿರಹತ್ತಿರ 304 ವರ್ಷವಾಗಿತ್ತು. ಆ ದಿನ ನಮ್ಮ ಮನೆಯಲ್ಲಿ ಟಿವಿ ಮುಂದೆ ಅಮ್ಮ ಎದ್ದು ನಿಂತೇ ಇದ್ದಳು. ಆಗ ಮಂಡಿ ಚೆನ್ನಾಗಿತ್ತು.

ಮೇಲೆ ಹೋದಾಗ ಹೆಚ್ಚು ಜನರಿರಲಿಲ್ಲ. ಮೊಣಕಾಲೂರಿದೆ. ಏನೇನೋ ಬೇಡಬೇಕೆಂದು ಮನೆಯಿಂದ ಹೊರಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅಂಗಾಲು ಉರಿಯುತ್ತಿತ್ತು, ಕಣ್ಣು ತುಂಬಿತ್ತು. ದೇವರು ನಮ್ಮನ್ನು ಹುಡುಕಿಕೊಂಡು ಹೀಗೂ ಬರುತ್ತಾನೆ, ಹರಕು ಬಟ್ಟೆಯಲ್ಲಿ, ನಮ್ಮ ಬಾಗಿಲಿಗೆ ಭಿಕ್ಷೆಗೆ. ಆ ಒಂದು ಯೋಚನೆಯಲ್ಲೇ ತುಂಬ ಹೊತ್ತು ಇದ್ದೆ.

ಕಾಣಿಕೆ ಹಾಕುವಾಗ ಗಂಟು ಬಿಚ್ಚಲಾಗಲಿಲ್ಲ. ಅಮ್ಮ ಅಷ್ಟು ಬಿಗಿಯಾಗಿ ಕಟ್ಟಿದ್ದಳು. ಉಗುರಿನಲ್ಲಿ ಮೇಣ ಕೆರೆದು, ಹಲ್ಲಿನಲ್ಲಿ ಎಳೆದು ಬಿಚ್ಚಿದೆ. 11 ನಾಣ್ಯವನ್ನೂ ಒಂದೊಂದಾಗಿ ಹಾಕಿದೆ. ಕರವಸ್ತ್ರ ಮಡಚಿ ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

"ಬರಿಗಾಲಲ್ಲೇ ಹತ್ತಿದ್ಯಾ?" ಎಂದು ಮೊದಲು ಕೇಳಿದಳು.

ಹೂಂ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಜಪಸರದ ಮಣಿ ಸರಿಯುವ ಸದ್ದು ಕೇಳಿಸಿತು.