ಕಡಮತ್: ದಡದಿಂದ ಇಳಿದು ಹವಳದ ತನಕ

ಕಡಮತ್‌ನಲ್ಲಿ ಹವಳ ನೋಡಲು ದೋಣಿ ಹತ್ತಬೇಕಾಗಿಲ್ಲ. ಪಶ್ಚಿಮದ ಮರಳಿನಿಂದ ನೀರಿಗಿಳಿದು, ಎದೆಮಟ್ಟ ಬರುವ ತನಕ ನಡೆದು, ಮುಖ ಕೆಳಗೆ ಮಾಡಿ ತೇಲಿದರೆ ಆಯಿತು. ಲಕ್ಷದ್ವೀಪದ ಈ ದ್ವೀಪ ಉದ್ದಕ್ಕೆ ಒಂಬತ್ತು ಕಿಲೋಮೀಟರ್ ಹತ್ತಿರ ಇದೆ. ಅಗಲ ಮಾತ್ರ ಹೆಚ್ಚೆಂದರೆ ಅರ್ಧ ಕಿಲೋಮೀಟರ್ ಆಸುಪಾಸು. ಪಶ್ಚಿಮಕ್ಕೆ ನಿಂತರೆ ಎದುರಿಗೆ ತಿಳಿಹಸಿರು ಬಣ್ಣದ ಶಾಂತ ನೀರು. ಅದರಾಚೆ ಒಂದೂವರೆ ಕಿಲೋಮೀಟರ್ ದೂರದಲ್ಲಿ ಬಿಳಿ ನೊರೆಯ ಗೆರೆ. ಆ ಗೆರೆಯ ಕೆಳಗಿರುವುದೇ ಹವಳದ ದಿಬ್ಬ. ಅರಬ್ಬೀ ಸಮುದ್ರ ಅಲ್ಲಿಗೆ ಬಂದು ಒಡೆಯುತ್ತದೆ, ಒಳಗಿನ ನೀರು ಅಲುಗದೆ ಇರುತ್ತದೆ. ಒಳಗಿನ ಈ ನೀರನ್ನು ಲಗೂನ್ ಎನ್ನುತ್ತಾರೆ.

ನಾವು ಹೋಗಿದ್ದು ಮಾರ್ಚ್‌ನಲ್ಲಿ. ನಾನು, ನನ್ನ ತಂಗಿ, ಮತ್ತು ಉಳ್ಳಾಲದ ನಮ್ಮ ಗೆಳೆಯ. ಪ್ರವೇಶದ ಪರ್ಮಿಟ್ ಮಾಡಿಸಿಕೊಂಡು ಕೊಚ್ಚಿಯಿಂದ ಹಡಗಿನಲ್ಲಿ ಹೋದೆವು. ಗೆಳೆಯನ ಮನೆಮಾತು ಬ್ಯಾರಿ. ಬ್ಯಾರಿಯ ಹಾಗೆ ದ್ವೀಪದವರ ಜೆಸರಿಯೂ ಮಲಯಾಳಂಗೆ ಹತ್ತಿರದ ಮಾತು. ಹಾಗಾಗಿ ಅವನಿಗೆ ಅಲ್ಲಿ ಭಾಷೆ ತೊಡಕಾಗಲೇ ಇಲ್ಲ. ನಮಗೆ ಅವನೇ ದುಭಾಷಿ. ನಮ್ಮನ್ನು ನೀರಿಗೆ ಕರೆದೊಯ್ದವರು ಐವತ್ತು ದಾಟಿದ ಒಬ್ಬರು. ಗೆಳೆಯ ಮೊದಲ ಮಾತಿಗೇ ಅವರನ್ನು ಕಾಕಾ ಅಂದ, ನಾವೂ ಹಾಗೇ ಕರೆದೆವು. ಮೊದಲು ಅವರು ಚೂರೆ ಹಿಡಿಯುವ ದೋಣಿಯಲ್ಲಿದ್ದವರು. ಚೂರೆ ಅಂದರೆ ಟ್ಯೂನಾ. ಲಕ್ಷದ್ವೀಪದ ಬದುಕು ತೆಂಗು ಮತ್ತು ಈ ಮೀನಿನ ಮೇಲೆ ನಿಂತಿದೆ.

ನಾವು ಬೆಳಿಗ್ಗೆ ಎದ್ದು ತಯಾರಾಗಿ ನಿಂತರೂ ಕಾಕಾ ಇಳಿಯಲು ಬಿಡಲಿಲ್ಲ. "ಈಗ ಇಳಿತ. ನೀರು ಏರಲಿ, ಆಮೇಲೆ ಹೋಗೋಣ" ಅಂದರು. ಇಳಿತದ ಹೊತ್ತಿನಲ್ಲಿ ಕೆಲವು ಕಡೆ ಹವಳದ ಮೇಲೆ ಮೊಣಕಾಲಿನಷ್ಟೂ ನೀರಿರುವುದಿಲ್ಲ. ತೇಲಿದರೆ ಹೊಟ್ಟೆ ತರಚುತ್ತದೆ, ಕಾಲು ಬಡಿದರೆ ಹವಳ ಮುರಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಸೆಳೆತದ್ದು. ನೀರು ಇಳಿಯುವಾಗ ಲಗೂನಿನ ಒಳಗಿನದ್ದೆಲ್ಲ ದಿಬ್ಬದ ನಡುವಿನ ಕಂಡಿಗಳ ಮೂಲಕ ಹೊರಕ್ಕೆ ಹರಿಯುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಆದರೆ ಆ ಕಂಡಿಯ ಹತ್ತಿರ ಸಿಕ್ಕಿಕೊಂಡವರನ್ನು ಅದು ನೇರ ಕಡಲಿಗೆ ಒಯ್ಯುತ್ತದೆ. ನೀರು ಏರುವಾಗ ಹೋದರೆ ಸೆಳೆತ ದಡದ ಕಡೆಗೆ ಇರುತ್ತದೆ. ಈಜು ಬಲ್ಲವರಿಗೂ ಇದು ತಿಳಿದಿರಬೇಕು.

ಕಾಯುವ ಹೊತ್ತಿನಲ್ಲಿ ಮಾಸ್ಕಿನ ಪಾಠ ಆಯಿತು. ಗಾಜಿನ ಒಳಬದಿಗೆ ಉಗುಳಿ, ಬೆರಳಲ್ಲಿ ಉಜ್ಜಿ, ಸಮುದ್ರದ ನೀರಿನಲ್ಲಿ ಒಮ್ಮೆ ಜಾಲಾಡಿಸಬೇಕು. ಆಗ ಮಂಜು ಕಟ್ಟುವುದಿಲ್ಲ. ಒಂದೆಳೆ ಕೂದಲು ರಬ್ಬರಿನ ಅಡಿಗೆ ಸಿಕ್ಕಿದರೂ ನೀರು ಒಳಗೆ ಬರುತ್ತದೆ, ತಂಗಿಯ ಹಣೆಯ ಕೂದಲನ್ನೆಲ್ಲ ಹಿಂದಕ್ಕೆ ಒತ್ತಿ ಕಟ್ಟಬೇಕಾಯಿತು. ಉಸಿರಾಡುವ ಸ್ನಾರ್ಕೆಲ್ ಕೊಳವೆಗೆ ನೀರು ತುಂಬಿದರೆ ಗಾಬರಿ ಬೀಳದೆ ಫೂ ಎಂದು ಜೋರಾಗಿ ಊದಬೇಕು. ಉಸಿರಾಟ ಬಾಯಿಂದ ಮಾತ್ರ, ನಿಧಾನವಾಗಿ. ಕಾಲಿಗೆ ಈಜುರೆಕ್ಕೆಯಂಥ ಫಿನ್ ಹಾಕಿಕೊಂಡ ಮೇಲೆ ಮುಂದಕ್ಕೆ ನಡೆಯಲಾಗದು, ಹಿಂದಕ್ಕೆ ಹೆಜ್ಜೆ ಇಡಬೇಕು. ಸನ್‌ಸ್ಕ್ರೀನ್ ಹಚ್ಚುವುದು ಬೇಡ, ತುಂಬು ತೋಳಿನ ಅಂಗಿ ಹಾಕಿ ಅಂದರು. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಝೋನ್ ಹವಳದ ಮರಿಗಳಿಗೆ ಕೆಡುಕು ಎನ್ನುವುದು ಗೊತ್ತಾದ ಮೇಲೆ ಹವಾಯಿ ರಾಜ್ಯ 2021ರಿಂದ ಅಂಥವುಗಳ ಮಾರಾಟವನ್ನೇ ನಿಲ್ಲಿಸಿದೆ. ಕಾಕಾ ಹೇಳಿದ ಇನ್ನೊಂದು ನಿಯಮ ಒಂದೇ ಮಾತಿನದು: "ಎಲ್ಲೂ ಕಾಲೂರಬೇಡಿ."

ಮೊದಲ ಒಂದಷ್ಟು ದೂರ ಬರೀ ಬಿಳಿ ಮರಳು. ಬಿಸಿಲಿನ ಗೆರೆಗಳು ಅದರ ಮೇಲೆ ಅಲುಗುತ್ತಿದ್ದವು. ಈ ಮರಳು ನಮ್ಮ ಪಣಂಬೂರಿನದೋ ಮಲ್ಪೆಯದೋ ಅಲ್ಲ. ಯಾವ ನದಿಯೂ ಇದನ್ನು ತಂದು ಹಾಕಿಲ್ಲ. ಅಲ್ಲಿ ನದಿಯೇ ಇಲ್ಲ. ಇದೆಲ್ಲ ಹವಳ, ಚಿಪ್ಪು, ಸುಣ್ಣ ಕಟ್ಟುವ ಪಾಚಿ ಪುಡಿಯಾಗಿ ಆದದ್ದು. ಮುಂದೆ ಸ್ವಲ್ಪ ಹೊತ್ತಿನಲ್ಲೇ ಅದು ಆಗುವುದನ್ನೂ ಕಣ್ಣಾರೆ ಕಂಡೆ. ನೀಲಿ ಹಸಿರು ಬಣ್ಣದ ಪ್ಯಾರಟ್‌ಫಿಶ್‌ಗಳ ಒಂದು ಗುಂಪು ಬಂದು ಸತ್ತ ಹವಳದ ಬಂಡೆಯನ್ನು ಕಚ್ಚತೊಡಗಿತು. ಹೆಸರಿಗೆ ತಕ್ಕ ಹಾಗೆ ಗಿಳಿಯ ಕೊಕ್ಕಿನಂಥ ಬಾಯಿ. ಕಟ್, ಕಟ್ ಎನ್ನುವ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಪಾಚಿ ತಿನ್ನಲು ಅವು ಕಲ್ಲನ್ನೂ ಸೇರಿಸಿ ಕೆರೆಯುತ್ತವೆ, ಗಂಟಲಿನ ಹಲ್ಲಿನಲ್ಲಿ ಅರೆಯುತ್ತವೆ. ಒಂದು ಮೀನು ನನ್ನ ಮುಂದೆಯೇ ಹೋಗುತ್ತಾ ಹಿಂದಿನಿಂದ ಬಿಳಿ ಪುಡಿಯ ಮೋಡ ಬಿಟ್ಟಿತು. ಪುಡಿ ನಿಧಾನವಾಗಿ ಕೆಳಗೆ ಕೂತು ಮರಳಿಗೆ ಸೇರಿತು. ನಾವು ಮಲಗಿದ್ದ ಮನೆ, ಆ ಮನೆಯ ಪಕ್ಕದ ತೆಂಗು, ಅಲ್ಲಿನ ಶಾಲೆ, ಮಸೀದಿ, ಎಲ್ಲವೂ ನಿಂತಿರುವುದು ಇದರ ಮೇಲೆ. ಸಾವಿರಾರು ವರ್ಷ ಹವಳ ಕಟ್ಟುತ್ತಾ, ಮೀನು ಮತ್ತು ಅಲೆ ಪುಡಿ ಮಾಡುತ್ತಾ ಬಂದದ್ದೇ ಆ ನೆಲ. ಕುಡಿಯುವ ನೀರೂ ಅದರೊಳಗೇ ಇದೆ. ಮಳೆನೀರು ಮರಳಿನಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡು ಇರುತ್ತದೆ. ಬಾವಿಗೆ ಬರುವುದು ಆ ನೀರು.

ಮರಳು ಮುಗಿದ ಮೇಲೆ ಹವಳದ ಗುಡ್ಡೆಗಳು ಒಂದೊಂದಾಗಿ ಎದ್ದು ಬಂದವು. ಕವಲು ಕವಲಾದ ಒಂದು ಪೊದೆಯ ಮೇಲೆ ಉಗುರಿನಷ್ಟು ದೊಡ್ಡ ತಿಳಿನೀಲಿ ಮೀನುಗಳು ನೂರಾರು ನಿಂತಿದ್ದವು. ನನ್ನ ನೆರಳು ಬಿದ್ದ ಕೂಡಲೇ ಎಲ್ಲವೂ ಒಟ್ಟಿಗೆ ಕವಲುಗಳ ಒಳಗೆ ಇಳಿದವು. ಒಂದೂ ಕಾಣಿಸಲಿಲ್ಲ. ನಾನು ಅಲುಗದೆ ತೇಲಿದೆ. ಮೊದಲು ಒಂದು ಹೊರಗೆ ಇಣುಕಿತು, ಆಮೇಲೆ ನಾಲ್ಕೈದು, ಆಮೇಲೆ ಇಡೀ ಗುಂಪು. ಎಷ್ಟು ಹೊತ್ತು ಹಾಗೆ ಅದನ್ನೇ ನೋಡುತ್ತಿದ್ದೆನೋ! ಆ ಪೊದೆ ಇಲ್ಲದಿದ್ದರೆ ಆ ಮೀನುಗಳಿಗೆ ಅಡಗಲು ಬೇರೆ ಜಾಗವಿಲ್ಲ. ಲಗೂನಿನ ಇಂಥ ಹವಳಗಳ ನಡುವೆ ಬೆಳೆಯುವ ಸಣ್ಣ ಮೀನುಗಳನ್ನೇ ಕಾಕಾನಂಥವರು ಬಲೆಯಲ್ಲಿ ಹಿಡಿದು ಜೀವಂತ ಇಟ್ಟುಕೊಂಡು ಹೊರಗಿನ ಕಡಲಿಗೆ ಹೋಗುತ್ತಾರೆ. ಚೂರೆಯ ಹಿಂಡು ಕಂಡಲ್ಲಿ ಅವನ್ನು ಎರಚುತ್ತಾರೆ. ಹಿಂಡು ಮೇಲೆ ಬಂದಾಗ ಗಳುವಿನ ಗಾಳದಿಂದ ಒಂದೊಂದೇ ಮೀನನ್ನು ಎತ್ತಿ ದೋಣಿಗೆ ಹಾಕುತ್ತಾರೆ. ದೊಡ್ಡ ಬಲೆ ಎಳೆದು ಕಡಲನ್ನೇ ಗುಡಿಸುವ ಮೀನುಗಾರಿಕೆ ನೋಡಿ ಬೆಳೆದ ನಮ್ಮಂಥ ಕರಾವಳಿಯವರಿಗೆ ಈ ಕ್ರಮದ ಬಗ್ಗೆ ಗೌರವ ಹುಟ್ಟದೆ ಇರದು. ಹವಳದ ಪೊದೆ ಕಡಿಮೆಯಾದರೆ ಸಣ್ಣ ಮೀನು ಕಡಿಮೆ, ಸಣ್ಣ ಮೀನು ಇಲ್ಲದಿದ್ದರೆ ಚೂರೆಯೂ ಇಲ್ಲ.

ಕಾಕಾ ಕೈ ಸನ್ನೆ ಮಾಡಿ ಕೆಳಗೆ ತೋರಿಸಿದರು. ಬಂಡೆಯ ಬಿರುಕಿನಲ್ಲಿ ಅಲೆಅಲೆಯಾದ ಎರಡು ತುಟಿ. ಕಡುನೀಲಿಯ ಮೇಲೆ ಹಸಿರು ಚುಕ್ಕೆ. ಅದು ದೈತ್ಯ ಚಿಪ್ಪಿನ ಜಾತಿಯದು, ನಮ್ಮ ಕಡೆಯ ಮರುವಾಯಿ ಚಿಪ್ಪಿನ ಶ್ರೀಮಂತ ನೆಂಟ. ನೆರಳು ತಾಗಿದೊಡನೆ ತುಟಿಗಳನ್ನು ಒಳಗೆಳೆದುಕೊಂಡು ಚಿಪ್ಪು ಅರ್ಧ ಮುಚ್ಚಿತು. ಆ ಬಣ್ಣದ ಚರ್ಮದೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಅದು ಬಿಸಿಲಿನಿಂದ ಆಹಾರ ಮಾಡಿ ಚಿಪ್ಪಿಗೆ ಕೊಡುತ್ತದೆ.

ಹವಳದ ಕತೆಯೂ ಅದೇ. ಹವಳ ಒಂದು ಪ್ರಾಣಿ. ಸಾವಿರಾರು ಪುಟ್ಟ ಪ್ರಾಣಿಗಳು ಸೇರಿ ಒಂದು ಪೊದೆ. ಪ್ರತಿಯೊಂದರ ಮೈಯೊಳಗೂ ಪಾಚಿ ಬಿಡಾರ ಮಾಡಿರುತ್ತದೆ. ಹವಳದ ಊಟದಲ್ಲಿ ದೊಡ್ಡ ಪಾಲು ಬರುವುದು ಆ ಪಾಚಿಯಿಂದ, ಕಂದು ಹಸಿರು ಬಣ್ಣ ಬರುವುದೂ ಅದರಿಂದಲೇ. ಬೇಸಿಗೆಯ ನೀರು ಎಂದಿನ ಗರಿಷ್ಠಕ್ಕಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣಿದರೆ ಬದುಕೀತು. ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರ ಬೇಸಿಗೆಯಲ್ಲಿ ಮತ್ತೆ ಆಯಿತು.

ಅದನ್ನು ಓದಿಕೊಂಡೇ ಹೋಗಿದ್ದೆ. ಆದರೂ ನೀರಿನೊಳಗೆ ನೋಡಿದಾಗ ಆದ ಸಂಕಟ ಬೇರೆ. ನೀಲಿ ಮೀನುಗಳ ಪೊದೆ ದಾಟಿ ಮುಂದೆ ಹೋದರೆ ಒಂದು ಬಯಲು. ಕವಲು ಹವಳಗಳೆಲ್ಲ ಮುರಿದು ರಾಶಿ ಬಿದ್ದಿದ್ದವು. ಮೇಲೆ ಮಸುಕು ಕಂದು ಪಾಚಿ. ಮೀನು ಬಹಳ ಕಡಿಮೆ. ಚಟಪಟ ಎಂದು ಎಲ್ಲ ಕಡೆ ಕೇಳುತ್ತಿದ್ದ ಸಿಗಡಿಗಳ ಸದ್ದು ಕೂಡ ಅಲ್ಲಿ ಕಡಿಮೆ ಅನಿಸಿತು. ತಂಗಿ ತಲೆ ಎತ್ತಿ, ಕೊಳವೆ ತೆಗೆದು, "ಅಕ್ಕಾ, ಇಲ್ಲಿ ಏನೂ ಇಲ್ವಲ್ಲಾ" ಅಂದಳು. ಕಾಕಾ ಮಾತಾಡಲಿಲ್ಲ. ಆ ಬಯಲಿನ ಮೇಲೆ ನಮ್ಮನ್ನು ನಿಧಾನವಾಗಿ ಕರೆದೊಯ್ದು ಒಂದು ಕಡೆ ನಿಲ್ಲಿಸಿದರು. ಸತ್ತ ಕವಲಿನ ಬುಡದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಹೊಸ ಹವಳ. ಅಂಚು ತಿಳಿನೇರಳೆ. ಪಕ್ಕದಲ್ಲಿ ಇನ್ನೊಂದು, ಅದಕ್ಕಿಂತ ಸಣ್ಣದು. ಪಾಚಿಯನ್ನು ಪ್ಯಾರಟ್‌ಫಿಶ್ ಕೆರೆದು ತೆಗೆದಿದ್ದ ಜಾಗದಲ್ಲೇ ಎರಡೂ ಹಿಡಿದುಕೊಂಡಿದ್ದವು.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು 1998ರ ನಂತರ ಈ ದಿಬ್ಬಗಳನ್ನು ನೋಡುತ್ತಲೇ ಬಂದಿದ್ದಾರೆ. ಅಗತ್ತಿ, ಕಡಮತ್, ಕವರತ್ತಿ ಮೂರರಲ್ಲೂ 24 ವರ್ಷಗಳ ಲೆಕ್ಕ ಅವರ ಬಳಿ ಇದೆ. ಶೇಕಡಾ 37 ಇದ್ದ ಜೀವಂತ ಹವಳ ಸುಮಾರು 19ಕ್ಕೆ ಇಳಿದಿದೆ. ಒಂದು ಬಿಳಿಚುವಿಕೆಗೂ ಇನ್ನೊಂದಕ್ಕೂ ನಡುವೆ ಆರು ವರ್ಷವಾದರೂ ಬಿಡುವು ಸಿಕ್ಕರೆ ಚೇತರಿಕೆ ಚುರುಕಾಗುತ್ತದೆ ಎಂದೂ ಅವರು ಕಂಡುಕೊಂಡಿದ್ದಾರೆ. ಕಡಲಿಲ್ಲದ ಮೈಸೂರಿನಿಂದ ಹೋಗಿ ಇಷ್ಟು ವರ್ಷ ಒಂದೇ ಕೆಲಸವನ್ನು ಬಿಡದೆ ಮಾಡಿದವರ ಬಗ್ಗೆ ನಮ್ಮಲ್ಲಿ ಇನ್ನೂ ಜಾಸ್ತಿ ಮಾತಾಗಬೇಕಿತ್ತು, ಅಲ್ವಾ? ಆ ನಾಣ್ಯದಗಲದ ಹವಳಕ್ಕೆ ಬೇಕಾಗಿರುವುದು ಆ ಬಿಡುವು. ಅದನ್ನು ಕೊಡುವುದು ಕಾಕಾನ ಕೈಯಲ್ಲಿಲ್ಲ. ಕಡಲನ್ನು ಬಿಸಿ ಮಾಡಿದವರಲ್ಲಿ ಐದು ಸಾವಿರ ಚಿಲ್ಲರೆ ಜನರ ಈ ದ್ವೀಪದ ಪಾಲು ಎಷ್ಟಿದ್ದೀತು? ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನೊರೆಯ ಗೆರೆಯಲ್ಲಿ ಅಲೆ ಒಡೆಯುವುದು ಅಲ್ಲಿ ಹವಳ ಎತ್ತರಕ್ಕೆ ನಿಂತಿರುವುದರಿಂದ. ಕಟ್ಟುವುದಕ್ಕಿಂತ ಸವೆಯುವುದು ಜಾಸ್ತಿಯಾದರೆ ಗೋಡೆ ತಗ್ಗುತ್ತದೆ, ಅಲೆ ಒಳಗೆ ಬರುತ್ತದೆ, ಬಾವಿಯ ನೀರು ಉಪ್ಪಾಗುತ್ತದೆ.

ವಾಪಸ್ ಬರುವ ದಾರಿಯಲ್ಲಿ ನನ್ನ ಎತ್ತರಕ್ಕಿಂತ ಜಾಸ್ತಿ ಇರುವ ಗುಂಡು ಹವಳವೊಂದು ಸಿಕ್ಕಿತು. ಪೊರೈಟಿಸ್ ಎನ್ನುವ ಜಾತಿ. ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಹಾಗೆ ನೋಡಿದರೆ ಅದಕ್ಕೆ ನೂರೈವತ್ತು ವರ್ಷವಾದರೂ ಆಗಿರಬೇಕು. ಒಂದು ಬದಿ ಸತ್ತಿತ್ತು, ಉಳಿದ ಮೈಯೆಲ್ಲ ಜೀವಂತ. ಅದು ಸಣ್ಣದಿದ್ದಾಗ ಕಡಮತ್ ನಮ್ಮ ಜಿಲ್ಲೆಗೇ ಸೇರಿತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳು ಟಿಪ್ಪುವಿನ ಕಾಲದಲ್ಲಿ ಕಣ್ಣೂರಿನ ರಾಣಿ ಬೀಬಿಯ ಕೈಯಿಂದ ಮಂಗಳೂರಿನ ಕಡೆಗೆ ಬಂದವು. 1956ರ ತನಕ ದಕ್ಷಿಣ ಕನ್ನಡದ ಭಾಗವಾಗಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಸರಕಾರಕ್ಕೇ ಕೊಡಬೇಕಿತ್ತು, ಬದಲಿಗೆ ಅಕ್ಕಿ ಸಿಗುತ್ತಿತ್ತು. ನಮ್ಮ ಅಜ್ಜ ಬಂದರಿನಲ್ಲಿ ಗುಮಾಸ್ತರಾಗಿದ್ದವರು. ದ್ವೀಪದ ಮಂಜಿ, ಅಂದರೆ ಸರಕಿನ ದೋಣಿ, ಬಂದಿದೆ ಎಂದರೆ ಅವರಿಗೆ ಎರಡು ದಿನ ಮನೆಯ ಊಟವಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಆ ಮಾತಿನ ಹಿಂದಿದ್ದ ದ್ವೀಪವನ್ನು ಕಣ್ಣಲ್ಲಿ ನೋಡಿದ್ದು ನಮ್ಮ ಮನೆಯಲ್ಲಿ ನಾವಿಬ್ಬರೇ.

ದಡಕ್ಕೆ ಬಂದ ಮೇಲೆ ಕಾಕಾ ಎಳನೀರು ಕೊಚ್ಚಿ ಕೊಟ್ಟರು. ನಾವು ಮಂಗಳೂರಿನವರು ಎಂದು ಗೆಳೆಯ ಹೇಳಿದಾಗ ಅವರ ಮುಖವೇ ಅರಳಿತು. ಬಂದರು, ಧಕ್ಕೆ, ಅಲ್ಲಿನ ಅಂಗಡಿಗಳು, ಎಲ್ಲವನ್ನೂ ವಿಚಾರಿಸಿದರು. ಅವರ ಅಪ್ಪನ ಮನೆ ಹವಳದ ಕಲ್ಲಿನದಂತೆ. ಈಗ ದಿಬ್ಬದಿಂದ ಕಲ್ಲು ತೆಗೆಯುವಂತಿಲ್ಲ. ತೆಗೆಯಲು ತಮಗೂ ಮನಸ್ಸಿಲ್ಲ ಅಂದರು. ಹಾಗಾಗಿ ಸಿಮೆಂಟು, ಜಲ್ಲಿ, ಕಬ್ಬಿಣ ಎಲ್ಲ ಹೊರಗಿನಿಂದ ಬರಬೇಕು, ಅವರದು ಬರುವುದು ನಮ್ಮ ಹಳೇ ಬಂದರಿನಿಂದ. ಮಳೆಗಾಲ ಶುರುವಾದರೆ ಮಂಜಿಗಳು ಓಡುವುದಿಲ್ಲ. ಮಗಳ ಮದುವೆಗೆ ಮುಂಚೆ ಒಂದು ಕೋಣೆ ಕಟ್ಟಬೇಕು, ಹಣ ಕಳಿಸಿ ಆಗಿದೆ, ಸಾಮಾನು ಬಂದಿಲ್ಲ.

"ನೀವು ಊರಿಗೆ ಹೋದ ಮೇಲೆ ಲೋಡ್ ಆಗಿದೆಯಾ ಅಂತ ಒಮ್ಮೆ ನೋಡಿ ಹೇಳ್ತೀರಾ?"

ತಂಗಿ ಮಂಜಿಯ ಹೆಸರು ಬರೆದುಕೊಂಡಳು. ಊರಿಗೆ ಬಂದ ಮೇಲೆ ಮೂವರೂ ಬಂದರಿಗೆ ಹೋಗಿ ಕೇಳಿದೆವು. ಜಲ್ಲಿ ತುಂಬಿಯಾಗಿತ್ತು, ಸಿಮೆಂಟಿನ ಚೀಲಗಳನ್ನು ಹಮಾಲರು ಆಗಷ್ಟೇ ಹೊರುತ್ತಿದ್ದರು. ಗೆಳೆಯ ಅಲ್ಲಿಂದಲೇ ಕಾಕಾನಿಗೆ ಫೋನ್ ಮಾಡಿದ.