ಯಾವ ಬಿ ಸರಿ, ಮೇಡಂ?

ಮಂಗಳವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. "ಯಾವ ಬಿ ಸರಿ, ಮೇಡಂ?"

ಕಾರ್ಬನ್ ಡೈಆಕ್ಸೈಡ್‌ಗೆ ವಾನ್ ಡರ್ ವಾಲ್ಸ್ ಸಮೀಕರಣದ ಎ ಮತ್ತು ಬಿ ಕಂಡುಹಿಡಿಯೋಕೆ ಕ್ಲಾಸಿನಲ್ಲಿ ಕೊಟ್ಟಿದ್ದೆ. ನಿಜವಾದ ಅನಿಲದ ಒತ್ತಡ, ಗಾತ್ರ, ತಾಪಮಾನವನ್ನು ಜೋಡಿಸೋ ಸೂತ್ರ ಅದು; ಎ ಅಣುಗಳ ನಡುವಿನ ಸೆಳೆತಕ್ಕೆ, ಬಿ ಅವುಗಳ ಗಾತ್ರಕ್ಕೆ ಅಂತ ಸೇರಿಸಿದ ಸಂಖ್ಯೆ. ಕ್ರಿಟಿಕಲ್ ತಾಪಮಾನ (ಅದಕ್ಕಿಂತ ಮೇಲೆ ಎಷ್ಟು ಒತ್ತಿದರೂ ಅನಿಲ ದ್ರವವಾಗಲ್ಲ) 304.1 ಕೆಲ್ವಿನ್, ಆ ಬಿಂದುವಿನ ಒತ್ತಡ 73.8 ಬಾರ್. ಬಿ ಅಂದರೆ ಆರ್ ಟಿ ಭಾಗಿಸು 8 ಪಿ; ಆರ್ ಅನಿಲ ಸ್ಥಿರಾಂಕ, ಟಿ ಆ ತಾಪಮಾನ, ಪಿ ಆ ಒತ್ತಡ. ಉತ್ತರ ಮೋಲ್‌ಗೆ 0.0428 ಲೀಟರ್. ಅಷ್ಟೇ ಲೆಕ್ಕ.

ಮುಂದಿನ ಬೆಂಚಿನ ಹುಡುಗ ಎಲ್ಲರಿಗಿಂತ ಮೊದಲು ಮುಗಿಸಿದ. ಯಾವಾಗಲೂ ಹಾಗೇ. ತಾಪಮಾನವನ್ನು ಸೆಲ್ಸಿಯಸ್‌ನಲ್ಲಿ 31 ಅಂತ ಹಾಕಿದ್ದ, ಎ ಹೆಚ್ಚುಕಮ್ಮಿ ನೂರು ಪಟ್ಟು ಕಮ್ಮಿ ಬಂದಿತ್ತು. ಅವನಿಗೆ ಅನುಮಾನವೇ ಬಂದಿಲ್ಲ. ಆತ್ಮವಿಶ್ವಾಸ ಸ್ವಲ್ಪ ಜಾಸ್ತಿ.

ಕೊನೆಯ ಸಾಲಿನ ಹುಡುಗಿ ನೋಟ್‌ಬುಕ್ ತಿರುಗಿಸಿ ತೋರಿಸಿದಳು. ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ ಎರಡು ಸಂಖ್ಯೆ. ಒಂದು 0.0428. ಇನ್ನೊಂದು 0.0313. ಪುಸ್ತಕದಲ್ಲಿ ಕ್ರಿಟಿಕಲ್ ಗಾತ್ರ (ಅದೇ ಬಿಂದುವಿನಲ್ಲಿ ಒಂದು ಮೋಲ್ ಹಿಡಿಯೋ ಜಾಗ) ಅಂದರೆ ಮೂರು ಬಿ ಅಂತಲೂ ಇದೆಯಲ್ಲ, ಅಳೆದ ಗಾತ್ರ 0.094 ಲೀಟರನ್ನು ಮೂರರಿಂದ ಭಾಗಿಸಿದ್ದಳು.

"ಯಾವ ಬಿ ಸರಿ, ಮೇಡಂ?"

"ಮೊದಲನೇದು ಬರಿ, ಪರೀಕ್ಷೆಗೆ ಅದೇ" ಅಂದೆ. ಅವಳು "ಹೂಂ" ಅಂದು ಕೂತಳು. ಆ "ಹೂಂ" ನನಗೆ ಇನ್ನೂ ಚುಚ್ಚುತ್ತಿದೆ.

ಉತ್ತರ ಗೊತ್ತಿಲ್ಲದೆ ಏನಲ್ಲ. ಅಳೆದ ಸಂಖ್ಯೆ ಮೂರು (ತಾಪಮಾನ ಟಿ, ಒತ್ತಡ ಪಿ, ಗಾತ್ರ ವಿ), ಹುಡುಕೋದು ಎರಡು (ಎ, ಬಿ). ಪಿ ವಿ ಭಾಗಿಸು ಆರ್ ಟಿ ಕ್ರಿಟಿಕಲ್ ಬಿಂದುವಿನಲ್ಲಿ ಎಲ್ಲ ಅನಿಲಕ್ಕೂ 0.375 ಅಂತ ಈ ಸಮೀಕರಣ ಹಟ ಹಿಡಿಯುತ್ತದೆ. ಕಾರ್ಬನ್ ಡೈಆಕ್ಸೈಡ್‌ಗೆ ನಿಜಕ್ಕೂ ಅದು 0.274. ಹಾಗಾಗಿ ಮೂರಕ್ಕೂ ಒಟ್ಟಿಗೆ ಹೊಂದಿಸೋಕೆ ಆಗಲ್ಲ. ಗಾತ್ರವನ್ನು ನಿಖರವಾಗಿ ಅಳೆಯೋದೇ ಹೆಚ್ಚು ಕಷ್ಟ ಅಂತ ಸಾಮಾನ್ಯವಾಗಿ ಅದನ್ನೇ ಕೈಬಿಡುತ್ತಾರೆ. ಇಷ್ಟು ಹೇಳೋಕೆ ಎರಡು ನಿಮಿಷ ಸಾಕಿತ್ತು.

ಸ್ಟಾಫ್ ರೂಮಿನಲ್ಲಿ ಹೇಳಿದರೆ ಹಿರಿಯರೊಬ್ಬರು "ಸಿಲಬಸ್ ಮುಗಿಸಿ ಮೇಡಂ" ಅಂತ ನಕ್ಕರು. ಒಳ್ಳೆಯವರೇ, ಆದರೆ ಪ್ರಶ್ನೆ ಅಂದರೆ ಅವರಿಗೆ ಅಲರ್ಜಿ.

ರಾತ್ರಿ ಸುಮ್ನೆ ಲೆಕ್ಕ ಹಾಕುತ್ತಾ ಕೂತೆ. ಅದೇ ತಾಪಮಾನ, ಅದೇ ಒತ್ತಡ. ವಾನ್ ಡರ್ ವಾಲ್ಸ್ ಸಮೀಕರಣವನ್ನೇ ಆಮೇಲೆ ಬೇರೆಯವರು ತಿದ್ದಿದ್ದಾರಲ್ಲ, 1949ರ ರೆಡ್ಲಿಕ್–ಕ್ವಾಂಗ್ ಸಮೀಕರಣದಲ್ಲಿ ಬಿ 0.0297. 1976ರ ಪೆಂಗ್–ರಾಬಿನ್ಸನ್‌ನಲ್ಲಿ 0.0267. ಅಣು ಏನು ವರ್ಷ ವರ್ಷ ಕುಗ್ಗಿತಾ? "ಬಿ ಅಂದರೆ ಅಣುಗಳು ಹಿಡಿಯೋ ಜಾಗ" ಅಂತ ಇಷ್ಟು ವರ್ಷ ಬೋರ್ಡ್ ಮೇಲೆ ಬರೆದವಳು ನಾನೇ. ಅದು ಅನಿಲದ್ದು ಎಷ್ಟೋ, ಸಮೀಕರಣದ್ದೂ ಅಷ್ಟೇ.

ಗುರುವಾರ ಅವಳನ್ನು ಕರೆದು ನಾಲ್ಕೂ ಸಂಖ್ಯೆ ಬರೆದುಕೊಟ್ಟೆ. ತುಂಬ ಹೊತ್ತು ನೋಡಿದಳು.

"ಹಾಗಾದ್ರೆ ಎ ಕೂಡ ಹೀಗೇನಾ ಮೇಡಂ?"

ಇಬ್ಬರೂ ಕ್ಯಾಲ್ಕುಲೇಟರ್ ತೆಗೆದೆವು.